ಪಡಸಾಲೆಯ ಇಂಗ್ಲಿಷ್ ಪುರಾಣ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಹಾಗನ್ನುವವರು ಯಾರೂ ಮಸ್ಕಿಯ ನಮ್ಮ ಮನೆಯಲ್ಲಿ ನಮ್ಮ ಮುತ್ಯಾನ ಎದುರಿಗೆ ಕೂತು ಉಂಡವರಲ್ಲ. ಮುತ್ಯಾ ಅಂದರೆ ನಮ್ಮಪ್ಪನ ಅಪ್ಪ. ಪ್ರತಿ ಶ್ರಾವಣದಲ್ಲಿ ಊರ ಮಠದಲ್ಲಿ ತಿಂಗಳಿಡೀ ಪುರಾಣ ಹಚ್ಚಿದಾಗ ಅರ್ಥ ಹೇಳುವವನು ಅವನೇ. ಒಬ್ಬರು ಪದ್ಯ ಹಾಡಿ ನಿಲ್ಲಿಸುತ್ತಿದ್ದರು. ಮುತ್ಯಾ ಅದನ್ನು ಶಬ್ದ ಶಬ್ದವಾಗಿ ಬಿಡಿಸಿ, ಒಂದೊಂದಕ್ಕೂ ಮೂರು ಅರ್ಥ ಹೇಳಿ, ಮೇಲೊಂದು ಕಥೆ ಕಟ್ಟಿ, ಮಂದಿಯನ್ನು ನಗಿಸಿ ಅಳಿಸಿ ಮನೆಗೆ ಕಳಿಸುತ್ತಿದ್ದ. ಗುರುಗುಂಟಾದಿಂದ ಗಂಡಸರು ಬೈಕಿನ ಮೇಲೆ ಬಂದು ಕೇಳಿ ಹೋಗುತ್ತಿದ್ದರು. ಮಠದಲ್ಲಿ ಅಷ್ಟು ಸಿಹಿಯಾಗಿ ಮಾತಾಡುವ ಮನುಷ್ಯ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದನೆಂದರೆ ಎಲ್ಲರ ಬಾಯಿ ಬಂದ್. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತಿನ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ನಮ್ಮದು ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡಂತೆ ಕಾಳು ತುಂಬಿಡುವ ಕತ್ತಲ ಕೋಣೆ, ಹಿತ್ತಲಲ್ಲಿ ಬಚ್ಚಲು. ಮಾಳಿಗೆಯ ಬೆಳಕಿಂಡಿಯಿಂದ ಪಡಸಾಲೆಗೆ ಒಂದು ತುಂಡು ಬಿಸಿಲು ಬೀಳುತ್ತಿತ್ತು. ಅದು ಬೀಳುವ ಜಾಗದಲ್ಲೇ ಮುತ್ಯಾ ಊಟಕ್ಕೆ ಕೂಡುತ್ತಿದ್ದ. ತಾಟಿನ ರೊಟ್ಟಿಯನ್ನು ಎತ್ತಿ ಆ ಬಿಸಿಲಿಗೆ ಹಿಡಿದು, ಅಂಚು ಎಲ್ಲೆಲ್ಲಿ ಸೀಳಿದೆ ಎಂದು ನೋಡುವುದು ದಿನದ ಮೊದಲ ಕೆಲಸ. ನಮ್ಮವ್ವ ಗೊರೇಬಾಳದವಳು. ಕಾಲುವೆ ನೀರಿನ ಊರು, ಎಲ್ಲಿ ನೋಡಿದರೂ ನೆಲ್ಲು, ಮೂರು ಹೊತ್ತೂ ಅನ್ನ. ಮದುವೆಯಾಗಿ ಬರುವವರೆಗೆ ಅವಳು ಜೋಳದ ರೊಟ್ಟಿ ತಿಂದಿದ್ದಳೇ ಹೊರತು ಬಡಿದಿರಲಿಲ್ಲ.

“ಅನ್ನ ತಿನ್ನೋ ಮಂದಿ ಕೈ ಇದು. ರೊಟ್ಟಿ ಬಡಿಯಾಕ ಪುಣ್ಯ ಬೇಕು.”

ಮಾವನಿಗೆ ಎದುರು ಮಾತಾಡುವಂತಿಲ್ಲವಲ್ಲ, ಅವ್ವ ಅಡುಗೆಮನೆಯ ಗೋಡೆಗೆ ಉತ್ತರ ಹೇಳುತ್ತಿದ್ದಳು.

“ಹದಿಮೂರು ವರ್ಷ ಇದೇ ರೊಟ್ಟಿ ಉಂಡು ಮಂದಿ ಗಟ್ಟಿಮುಟ್ಟ ಅದಾರ. ಯಾರ ಪುಣ್ಯನೋ ಏನೋ.”

ಅಪ್ಪ ಇವರಿಬ್ಬರ ನಡುವೆ ತಲೆ ಬಗ್ಗಿಸಿ ಉಂಡು, ಕೈ ತೊಳೆದು, ಕಿರಾಣಿ ಅಂಗಡಿಗೆ ಹೋಗಿಬಿಡುತ್ತಿದ್ದ. ಅಪ್ಪನ ಬಗ್ಗೆ ಬರೆಯಲು ನನ್ನಲ್ಲಿ ಇಷ್ಟೇ ಇದೆ. ಅವ್ವ ಹತ್ತನೆಯ ತರಗತಿಯ ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ಮದುವೆಯಾಗಿ ಬಂದವಳು. ಬರೆಯದ ಆ ಪರೀಕ್ಷೆಯ ಹೊಟ್ಟೆಯುರಿಯನ್ನೆಲ್ಲ ಅವಳು ನನ್ನ ಮೇಲೆ ಹೂಡಿದ್ದಳು. ಏಳನೆಯದು ಮುಗಿದ ಕೂಡಲೇ ನಾನು ಸಿಂಧನೂರಿನಲ್ಲಿ ಅವಳ ಅಣ್ಣನ ಮನೆಯಲ್ಲಿದ್ದು ಇಂಗ್ಲಿಷ್ ಶಾಲೆಗೆ ಹೋಗಬೇಕು ಎನ್ನುವುದು ಅವಳ ಹಟ. ಹೆಣ್ಣು ಹುಡುಗಿ ಮನೆ ಬಿಟ್ಟು ಕದಲಬಾರದು ಎನ್ನುವುದು ಮುತ್ಯಾನ ಹುಕುಂ. ಆ ವರ್ಷವಿಡೀ ಮನೆಯಲ್ಲಿ ಉಪ್ಪು ಕಡಿಮೆಯಾದದ್ದಕ್ಕೂ ಹಾಲು ಒಡೆದದ್ದಕ್ಕೂ ಜಗಳ ಶುರುವಾಗಿ ಸಿಂಧನೂರಿಗೆ ಹೋಗಿ ಮುಟ್ಟುತ್ತಿತ್ತು.

ಸಿಂಧನೂರಿನ ಮಾವನದು ಝೆರಾಕ್ಸ್ ಅಂಗಡಿ. ಯಾರೋ ನಕಲು ತೆಗೆಸಲು ತಂದು, ಮರೆತು ಹೋಗಿ, ತಿಂಗಳುಗಟ್ಟಲೆ ಕೇಳದೇ ಬಿಟ್ಟ ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಅವನು ನನಗೆ ತಂದುಕೊಟ್ಟ. ಜೊತೆಗೊಂದು ಇಂಗ್ಲಿಷ್–ಕನ್ನಡ ನಿಘಂಟು. ನನ್ನ ವಯಸ್ಸಿನ ಹುಡುಗರಿಗೆಂದೇ ಬರೆದ ಕಥೆ ಅದು. ಒಬ್ಬ ಹುಡುಗಿ. ಅವಳನ್ನು ಉಳಿಸಲು ಅವಳ ತಾಯಿ ನಾಗರಾಜನ ಹತ್ತಿರ ತಾನೇ ಒತ್ತೆಯಾಳಾಗಿ ಪಾತಾಳದಲ್ಲಿ ಉಳಿದಿದ್ದಾಳೆ. ಹುಡುಗಿ ಏಳು ಲೋಕ ಇಳಿದು ತಾಯಿಯನ್ನು ಬಿಡಿಸಿಕೊಂಡು ಬರಬೇಕು. ಮುಖಪುಟದ ಮೇಲೆ ಐದು ಹೆಡೆಯ ಸರ್ಪ, ಹಣೆತುಂಬ ವಿಭೂತಿ ಬಳಿದುಕೊಂಡು ತ್ರಿಶೂಲ ಹಿಡಿದ ಹುಡುಗಿ. ನಾನು ಅದನ್ನು ಪಡಸಾಲೆಯ ನೆಲದ ಮೇಲೆ ತೆರೆದಿಟ್ಟು, ಬೋರಲು ಮಲಗಿ, ಸಾಲಿಗೆ ನಾಲ್ಕು ಶಬ್ದ ತಿಳಿಯದೇ ಒದ್ದಾಡುತ್ತಿದ್ದೆ. ಮಠದಿಂದ ಬಂದ ಮುತ್ಯಾನ ಕಾಲು ಪುಸ್ತಕಕ್ಕೆ ತಾಗಿತು. ಬಗ್ಗಿ ನೋಡಿದ, ವಿಭೂತಿ ಕಂಡಿತು, ತ್ರಿಶೂಲ ಕಂಡಿತು. ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಆಮೇಲೆ ನನ್ನ ಬೆನ್ನಿಗೆ ಒಂದು ಬಿಟ್ಟ.

“ದೇವರ ಪುಸ್ತಕ ನೆಲದಮ್ಯಾಲ ಇಟ್ಟು ಮಲಕ್ಕೊಂಡು ಓದ್ತೀ? ನಾಚಿಕಿ ಐತೇನು?”

“ದೇವರ ಪುಸ್ತಕ ಅಲ್ಲ ಮುತ್ಯಾ. ಕಥಿ ಪುಸ್ತಕ.”

“ಏನೈತಿ ಒಳಗ? ಹೇಳು.”

ಹೇಳಿದೆ. ಅತಲ, ವಿತಲ, ಸುತಲ ಎಂದು ನಾನು ಮೂರಕ್ಕೆ ತಡವರಿಸಿದರೆ ಅವನೇ ತಲಾತಲ, ಮಹಾತಲ, ರಸಾತಲ, ಪಾತಾಳ ಎಂದು ಮುಗಿಸಿದ. ಅಲ್ಲಿಗೆ ತೀರ್ಮಾನವಾಯಿತು. ಏಳು ಲೋಕ ಇದ್ದ ಮೇಲೆ ಅದು ಪುರಾಣ. ಪುರಾಣವೆಂದ ಮೇಲೆ ಅದಕ್ಕೆ ರೀತಿ ರಿವಾಜಿದೆ. ನಾಲ್ಕು ಸಾಲು ಓದಿ ಮುಚ್ಚಿಡುವಂತಿಲ್ಲ. ಅಡುಗೆಮನೆಯಿಂದ ಗೋಡೆ ಮಾತಾಡಿತು.

“ಇಂಗ್ಲಿಷಿನಾಗ ಪುರಾಣ ಓದೋ ಹುಡುಗಿ ಸಿಂಧನೂರಿಗೆ ಹೋಗಾಕ ಮಾತ್ರ ಲಾಯಕ್ ಇಲ್ಲ.”

ಮುತ್ಯಾನಿಗೆ ಅದು ನಾಟಿತು. ಅವತ್ತು ಅವನು ಹಾಕಿದ ಶರ್ತು ಹೀಗಿತ್ತು. ಶ್ರಾವಣದ ಮೊದಲ ದಿನದಿಂದ ಪಡಸಾಲೆಯಲ್ಲಿ ಈ ಪುಸ್ತಕವನ್ನು ಪುರಾಣದಂತೆಯೇ ಹಚ್ಚಬೇಕು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ವ್ಯಾಸಪೀಠದ ಮೇಲೆ ಪುಸ್ತಕವಿಟ್ಟು, ಉಪವಾಸವಿದ್ದು ದಿನಕ್ಕೊಂದು ಅಧ್ಯಾಯ ಓದಬೇಕು. ಅವನು ಎಲ್ಲಿ ನಿಲ್ಲಿಸಿ ಯಾವ ಶಬ್ದ ಕೇಳಿದರೂ ಅರ್ಥ ಹೇಳಬೇಕು. ಇಪ್ಪತ್ತೆಂಟು ಅಧ್ಯಾಯ ಮುಗಿಸಿ ಮಂಗಳ ಮಾಡಿದರೆ ಸಿಂಧನೂರು. ಅರ್ಥ ಬರದೇ ನಿಂತರೆ, ಇಲ್ಲವೇ ಒಂದು ದಿನ ತಪ್ಪಿದರೆ, ಪುಸ್ತಕ ಬಚ್ಚಲ ಒಲೆಗೆ, ಸಿಂಧನೂರಿನ ಹೆಸರು ಮತ್ತೆ ಮನೆಯಲ್ಲಿ ಎತ್ತುವಂತಿಲ್ಲ. ಅವ್ವ ಮೊದಲ ಸಲ ಅಡುಗೆಮನೆಯ ಹೊಸ್ತಿಲ ಹೊರಗೆ ಬಂದು ನೇರವಾಗಿ ಹೇಳಿದಳು.

“ಆಗಲ್ರಿ ಮಾವ. ಹಚ್ತಾಳ.”

ನನ್ನನ್ನು ಯಾರೂ ಕೇಳಲಿಲ್ಲ. ಹನ್ನೆರಡು ವರ್ಷದ ನಾನು ಅವರಿಬ್ಬರ ಹದಿಮೂರು ವರ್ಷದ ಜಿದ್ದಿಗೆ ಅಖಾಡವಾದೆ.

ನಿಘಂಟು ಒಂದಿದ್ದರೆ ಗೆದ್ದೆ ಅಂದುಕೊಂಡಿದ್ದೆ. ಮೊದಲ ದಿನವೇ ಆ ಸೊಕ್ಕು ಇಳಿಯಿತು. ಮುತ್ಯಾನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಕಿವಿ ಚುರುಕು. ನಾನು ಯಾವ ಶಬ್ದದ ಹತ್ತಿರ ಉಗುಳು ನುಂಗಿದೆನೋ ಸರಿಯಾಗಿ ಅಲ್ಲಿಯೇ ಕೋಲಿನಿಂದ ನೆಲ ಕುಟ್ಟುತ್ತಿದ್ದ.

“ನಿಲ್ಲು. ಏನದು ಅಬಿಸ್ ಅಂದ್ರ?”

“ಅಗಾಧ ಗರ್ತ.”

“ಗರ್ತ ಅಂದ್ರ?”

ನನಗೆ ಗೊತ್ತಿರಲಿಲ್ಲ. ಕಠಿಣ ಇಂಗ್ಲಿಷ್ ಶಬ್ದಕ್ಕೆ ನಿಘಂಟು ಅದಕ್ಕಿಂತ ಕಠಿಣವಾದ ಕನ್ನಡ ಕೊಟ್ಟು ಕೈ ತೊಳೆದುಕೊಂಡಿತ್ತು. ಮುತ್ಯಾ ನಿಘಂಟನ್ನು ಎಳೆದುಕೊಂಡು, ನಾನು ಬೆರಳಿಟ್ಟ ಕಡೆ ಕನ್ನಡವನ್ನು ಓದಿ, ಪಟಕ್ಕನೆ ಮುಚ್ಚಿದ.

“ಇದು ಪುಸ್ತಕದ್ದು. ನಿನ್ನ ಬಾಯಿಮಾತಿನಾಗ ಬರೂತನಕ ಅದು ನಿನ್ನ ಶಬ್ದ ಅಲ್ಲ. ಇವತ್ತೊಂದಿನ ಮಾಫಿ. ನಾಳಿಂದ ಇಲ್ಲ.”

ಅಂದಿನಿಂದ ಶಾಲೆ ಬಿಟ್ಟು ಬಂದವಳೇ ಅಡುಗೆಮನೆಯಲ್ಲಿ ಅವ್ವನ ಮುಂದೆ ಪುಸ್ತಕ ಹಾಕಿಕೊಂಡು ಕೂಡುತ್ತಿದ್ದೆ. ಮರುದಿನದ ಅಧ್ಯಾಯವನ್ನು ಓದುತ್ತಾ, ತಿಳಿಯದ ಶಬ್ದ ಬಂದಾಗ ನಿಘಂಟು ತೆಗೆದು, ಅದರ ಕನ್ನಡವನ್ನು ಅವ್ವನ ಮುಂದೆ ಇಡುತ್ತಿದ್ದೆ. ಅವ್ವ ಪುಂಡಿಪಲ್ಯ ಸೋಸುತ್ತಾ, ಶೇಂಗಾ ಹುರಿಯುತ್ತಾ, ಅದನ್ನು ಮನೆಯ ಮಾತಿಗೆ ಇಳಿಸುತ್ತಿದ್ದಳು. ಅಬಿಸ್ ಎಂದರೆ ಗೊರೇಬಾಳದ ಹಾಳುಬಾವಿ, ಕಲ್ಲು ಒಗೆದರೆ ಸಪ್ಪಳ ಬರುವುದಿಲ್ಲ. ವೆಂಜನ್ಸ್ ಎಂದರೆ ಹಗೆ ತೀರಿಸಿಕೊಳ್ಳುವುದು. ಟ್ರೆಚರಿ ಎಂದರೆ ಉಂಡ ಮನೆಗೆ ಎರಡು ಬಗೆಯುವುದು. ರಿಲೆಂಟ್‌ಲೆಸ್ ಎಂಬುದಕ್ಕೆ ನಿಘಂಟಿನಲ್ಲಿ ‘ನಿಷ್ಕರುಣಿಯಾದ, ಪಟ್ಟು ಬಿಡದ’ ಎಂದಿತ್ತು. ಅವ್ವ ತಲೆ ಎತ್ತಲೂ ಇಲ್ಲ.

“ಇದಕ್ಯಾಕ ನಿಘಂಟು? ಪಡಸಾಲ್ಯಾಗ ಕುಂತೈತಿ ನೋಡು, ಕೋಲು ಹಿಡಕೊಂಡು.”

ಮರುದಿನ ಮುತ್ಯಾ ಆ ಶಬ್ದವನ್ನೇ ಹಿಡಿದ. ಹಿಡಿದದ್ದು ಬಿಡದವನು ಎಂದೆ. ಎಂಥವನು, ಒಬ್ಬನನ್ನು ತೋರಿಸು ಎಂದ. ನಿನ್ನಂಥಾವ ಮುತ್ಯಾ ಎಂದುಬಿಟ್ಟೆ. ಅಡುಗೆಮನೆಯಲ್ಲಿ ಲಟ್ಟಣಿಗೆ ಬಿದ್ದ ಸಪ್ಪಳವಾಯಿತು. ಮುತ್ಯಾನ ಮೀಸೆ ಸ್ವಲ್ಪ ಅಲುಗಿತು. ಮುಂದ ಓದು ಎಂದ. ನನಗೆ ಶಬ್ದವನ್ನು ಹೇಗೆ ಹಿಡಿಯಬೇಕೆಂದು ಕಲಿಸಿದವನು ಅವನೇ, ಮತ್ತಾರೂ ಅಲ್ಲ. ಇದನ್ನು ಬರೆಯುವಾಗ ನನಗೆ ಹೊಟ್ಟೆಯುರಿಯುತ್ತದೆ, ಆದರೂ ಬರೆಯುತ್ತೇನೆ. ಅವನು ಹಾಗೆ ಕುಟ್ಟಿ ಕುಟ್ಟಿ ಕೇಳಿದ ಶಬ್ದಗಳಲ್ಲಿ ಒಂದನ್ನೂ ನಾನು ಇವತ್ತಿಗೂ ಮರೆತಿಲ್ಲ. ಹದಿನೈದನೆಯ ಅಧ್ಯಾಯದ ಹೊತ್ತಿಗೆ ಅವನು ಶಬ್ದಕ್ಕಿಂತ ಕಥೆಗಾಗಿ ಕಾಯುತ್ತಿದ್ದಾನೆಂದು ನನಗೆ ಗೊತ್ತಾಗತೊಡಗಿತ್ತು. ಅವ್ವನಂತೂ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿ ಹೊಸ್ತಿಲಿಗೆ ಬಂದು ಕೂತಿರುತ್ತಿದ್ದಳು. ಗೆದ್ದೇ ಬಿಟ್ಟೆ ಎನ್ನಿಸಿತ್ತು ನನಗೆ.

ಹತ್ತೊಂಬತ್ತನೆಯ ದಿನ ಹುಡುಗಿ ರಸಾತಲದ ಕೊಳದಲ್ಲಿ ಕಾಲಿಡುತ್ತಾಳೆ. ಕಾವಲಿನ ಸರ್ಪ ಎದ್ದು ಅವಳನ್ನು ಬೈಯುತ್ತದೆ. ಮುತ್ಯಾನ ಕೋಲು ಕುಟ್ಟಿತು.

“ನಿಲ್ಲು. ಡಿಫೈಲ್ ಅಂದ್ರ?”

“ಮೈಲಿಗಿ ಮಾಡೋದು.”

“ಯಾರು ಮಾಡ್ಯಾರ ಮೈಲಿಗಿ?”

“ಆ ಹುಡುಗಿ ನೀರಾಗ ಇಳಿದಾಳಲ್ಲ, ಅದಕ್ಕ ಕೊಳ ಮೈಲಿಗಿ ಆತಂತ ಹಾವು ಹೇಳಾಕತ್ತೈತಿ.”

ಬೆಳಿಗ್ಗೆಯಿಂದ ಹೊಟ್ಟೆ ನೋಯುತ್ತಿತ್ತು. ಉಪವಾಸಕ್ಕೆಂದುಕೊಂಡಿದ್ದೆ. ಪುಟ ತಿರುವಲು ನಾನು ಸ್ವಲ್ಪ ಮೇಲೆದ್ದೆ. ಹಿಂದೆ ಹೊಸ್ತಿಲಲ್ಲಿ ಕೂತಿದ್ದ ಅವ್ವ ನನ್ನ ಲಂಗವನ್ನು ನೋಡಿದಳು. ಎದ್ದು ಬಂದು ನನ್ನ ತೋಳು ಹಿಡಿದು ಎಳೆದಳು. ಏನಾಯಿತೆಂದು ನನಗೆ ತಿಳಿಯುವ ಮೊದಲೇ ಅವಳು ಮುತ್ಯಾನಿಗೆ ಹೇಳಿಯಾಗಿತ್ತು.

“ಮಾವ, ಹುಡುಗಿ ದೊಡ್ಡಾಕಿ ಆಗ್ಯಾಳ್ರಿ.”

“ಮೂರು ಪುಟ ಅದಾವ ಬೇ. ಮುಗಿಸ್ತೀನಿ,” ಎಂದೆ.

“ಬಾಯಿ ಮುಚ್ಚು. ಏಳು ಮೊದಲ.”

ನಾನು ಏಳಲಿಲ್ಲ. ಮುತ್ಯಾನ ಮುಖ ನೋಡಿದೆ. ಯಾಕೆ ನೋಡಿದೆನೆಂದರೆ, ಮಡಿಲಲ್ಲಿ ಕೂತು ಕೇಳುವ ವಯಸ್ಸಿನಿಂದ ನಾನು ಪ್ರತಿ ಶ್ರಾವಣ ಮಠದಲ್ಲಿ ಅವನ ಬಾಯಿಂದಲೇ ಕೇಳಿದ ಮಾತೊಂದಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ, ಜಾತಿಯದಿಲ್ಲ, ಎಂಜಲಿನದಿಲ್ಲ, ಹೆಣ್ಣಿನ ಮುಟ್ಟಿನದಂತೂ ಇಲ್ಲವೇ ಇಲ್ಲ. ಐದಕ್ಕೆ ಐದು ಬೆರಳು ಮಡಚಿ ಹೇಳುತ್ತಿದ್ದ. ನನ್ನ ಕೊರಳಲ್ಲಿ ಲಿಂಗವಿತ್ತು. ಅವನು ಒಂದು ಮಾತು, ಮಠದಲ್ಲಿ ನೂರು ಜನರ ಮುಂದೆ ಆಡುವ ಅದೇ ಮಾತನ್ನು ಇಲ್ಲಿ ಒಬ್ಬಳ ಮುಂದೆ ಆಡಿದ್ದರೆ ಸಾಕಿತ್ತು. ನೀ ಹೇಳು ಮುತ್ಯಾ ಎಂದೆ. ಅವನು ಶಾಲು ಸರಿಮಾಡಿಕೊಂಡು, ಬೆಳಕಿಂಡಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ ಪುಸ್ತಕ ಮುಚ್ಚಿದ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಅವ್ವ ನನ್ನನ್ನು ಎಬ್ಬಿಸಿ, ಕಾಳಿನ ಕೋಣೆಗೆ ನೂಕಿದಳು.

ಐದು ದಿನ ಅಲ್ಲಿದ್ದೆ. ಜೋಳದ ಚೀಲಗಳ ನಡುವೆ ಒಂದು ಚಾಪೆ, ಒಂದು ತಂಬಿಗೆ. ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ನಿಂತು ಆರತಿ ಎತ್ತಿ ಹಾಡಿದರು, ಕೊಬ್ಬರಿ ಬೆಲ್ಲ ಕೊಟ್ಟು ನನ್ನನ್ನು ನೋಡಿ ನಕ್ಕರು. ಎರಡನೆಯ ದಿನ ಬೆಳಿಗ್ಗೆ ಬಚ್ಚಲ ಕಡೆಯಿಂದ ಕಾಗದ ಸುಟ್ಟ ವಾಸನೆ ಬಂತು. ಬಹಳ ಹೊತ್ತು ಬಂತು. ದಪ್ಪ ಪುಸ್ತಕ ಇಡಿಯಾಗಿ ಸುಡುವುದಿಲ್ಲ. ಮುತ್ಯಾ ಒಲೆಯ ಮುಂದೆ ಕೂತು, ಅಧ್ಯಾಯ ಅಧ್ಯಾಯವಾಗಿ ಹರಿದು ಹಾಕಿದನೆಂದೂ, ಆ ನೀರಿನಲ್ಲೇ ಸ್ನಾನ ಮಾಡಿ ಪೂಜೆಗೆ ಕೂತನೆಂದೂ ಆಮೇಲೆ ತಿಳಿಯಿತು. ಅವ್ವ ಅಂದು ಮಾವನನ್ನು ಕೇಳದೇ ಅನ್ನ ಮಾಡಿದ್ದಳು. ಬಿಸಿ ಅನ್ನ, ತುಪ್ಪ. ನನ್ನನ್ನು ಮುಟ್ಟದೇ, ದೂರದಿಂದಲೇ ತಾಟನ್ನು ನನ್ನ ಕಡೆ ಸರಿಸಿದಳು.

“ಉಣ್ಣು ಬೇ. ಹಿಂಗಾದಾಗ ಬಿಸಿ ಅನ್ನ ಉಣಬೇಕು.”

“ನೀ ಯಾಕ ಎಳೆದಿ?”

“ಎಳೀಲಾರದ ಮಾಡ್ಲೇನು? ದೇವರ ಪುಸ್ತಕ ಅದು.”

“ಕಥಿ ಪುಸ್ತಕ.”

ಅವ್ವನಿಗೆ ಸಿಟ್ಟು ಬಂತು. ಅವಳು ಹದಿಮೂರು ವರ್ಷ ಮುತ್ಯಾನ ಒಂದೊಂದು ಮಾತಿಗೂ ಗೋಡೆಗೆ ಎದುರುತ್ತರ ಕೊಟ್ಟವಳು. ಆದರೆ ಈ ಒಂದು ವಿಷಯದಲ್ಲಿ ಅವನಿಗಿಂತ ಮೊದಲೇ ಅವನ ಕಡೆಗೆ ಹೋಗಿ ನಿಂತಿದ್ದಳು. ನಾನು ತಾಟನ್ನು ಹಿಂದಕ್ಕೆ ನೂಕಿದೆ. ಅನ್ನ ಚೆಲ್ಲಿತು. ಅವ್ವ ಒಂದೊಂದೇ ಅಗುಳು ಆರಿಸಿಕೊಂಡು ಹೋದಳು.

ಶ್ರಾವಣ ಮುಗಿಯಲು ನಾಲ್ಕು ದಿನವಿರುವಾಗ ಮಠದ ಪುರಾಣ ಐದು ಸೂತಕದ ಆ ಭಾಗಕ್ಕೆ ಬಂತು. ಬರುತ್ತದೆಂದು ನನಗೆ ಗೊತ್ತಿತ್ತು. ಪ್ರತಿ ವರ್ಷ ಅದೇ ಹೊತ್ತಿಗೆ ಬರುತ್ತದೆ. ನಾನು ಹೆಂಗಸರ ಸಾಲಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ಪದ್ಯ ಹಾಡಿ ನಿಲ್ಲಿಸಿದರು. ಮುತ್ಯಾ ಬೆರಳು ಮಡಚತೊಡಗಿದ. ಐದನೆಯ ಬೆರಳು ಮಡಚಿ, ಹೆಂಗಸರ ಕಡೆ ಕೈ ಚಾಚಿ, ಎದಿಮ್ಯಾಲ ಶಿವ ಇದ್ದಾಕಿಗೆ ಎಲ್ಲಿ ಸೂತಕ ತಾಯೀ ಎಂದ. ನಾನು ಎದ್ದು ನಿಂತೆ.

“ಹಂಗಾದ್ರ ನನ್ನ ಪುಸ್ತಕ ಯಾಕ ಸುಟ್ಟಿ ಮುತ್ಯಾ?”

ಮೈಕು ಗುಂಯ್ ಎಂದಿತು, ಮಠದ ಮಂದಿಯೆಲ್ಲ ನನ್ನ ಕಡೆ ಹೊರಳಿದರು. ಮುತ್ಯಾ ನನ್ನನ್ನು ದಿಟ್ಟಿಸಿ ನೋಡಿ, ನಕ್ಕ. ಮನೆಯಲ್ಲಿ ಎಂದೂ ನಗದ, ಮಠದ ಆ ನಗೆ.

“ಕೂಸು ಚಲೋ ಕೇಳೇತಿ. ಕೇಳ್ರೆಪಾ ಎಲ್ಲಾರೂ. ಸೂತಕ ಮೈಯಾಗ ಇಲ್ಲ, ಖರೆ. ಮನಸಿನಾಗ ಐತಿ. ನಾ ಬಲ್ಲೆ ಅನ್ನೋದು ಸೂತಕ. ಹಿರ್ಯಾರಿಗೆ ಎದುರು ನಿಲ್ಲೋದು ಸೂತಕ. ನಾ ಸುಟ್ಟಿದ್ದು ಪುಸ್ತಕ ಅಲ್ಲವ್ವಾ, ನಿನ್ನ ಅಹಂಕಾರ.”

ಹರಹರ ಮಹಾದೇವ ಎಂದು ಇಡೀ ಮಠ ಕೂಗಿತು. ಯಾರೋ ಚಪ್ಪಾಳೆ ತಟ್ಟಿದರು. ಅಷ್ಟು ಚೆಂದದ ಅರ್ಥವನ್ನು ಅವನು ಆ ತಿಂಗಳಲ್ಲಿ ಮತ್ತೊಂದು ಹೇಳಿರಲಿಲ್ಲ. ಪಕ್ಕದಲ್ಲಿದ್ದ ಅವ್ವ ನನ್ನ ಲಂಗ ಹಿಡಿದು ಜಗ್ಗಿ ಕೂಡಿಸಿದಳು. ಕೂತಮೇಲೆ ಅವಳ ಮುಖ ನೋಡಿದೆ. ಅವಳು ಎಲ್ಲರೊಡನೆ ಕೈ ಮುಗಿದಿದ್ದಳು.

ಮನೆಗೆ ಬಂದ ಮುತ್ಯಾ ಅಪ್ಪನನ್ನು ಕರೆದು ನಾಲ್ಕು ಮಾತಿನಲ್ಲಿ ಫೈಸಲು ಮಾಡಿದ.

“ಏಳನೇದು ಮುಗೀಲಿ, ಇಕಿನ್ನ ಸಿಂಧನೂರಿಗೆ ಅಟ್ಟು. ಮಠದಾಗ ಎದ್ದು ನಿಲ್ಲೋ ಹೆಣ್ಣು ಮನ್ಯಾಗ ಬ್ಯಾಡ.”

ಹೀಗೆ ನನಗೆ ಬೇಕಾದದ್ದು ಸಿಕ್ಕಿತು, ಶಿಕ್ಷೆಯಾಗಿ. ಎಕ್ಸೈಲ್ ಎಂಬ ಶಬ್ದ ಪುಸ್ತಕದ ಮೂರನೆಯ ಅಧ್ಯಾಯದಲ್ಲಿತ್ತು. ಅವ್ವ ಅದನ್ನು ‘ಊರು ಬಿಡಿಸೋದು’ ಎಂದು ಇಳಿಸಿದ್ದಳು. ಜೂನಿನಲ್ಲಿ ನಾನು ಟ್ರಂಕು ಹೊತ್ತು ಬಸ್ ಹತ್ತುವಾಗ ಅವ್ವ ಅತ್ತಳು. ಗೆದ್ದ ಖುಷಿಗೋ, ನನ್ನ ಅಗಲಿಕೆಗೋ, ನಾನು ಕೇಳಲಿಲ್ಲ. ಸಿಂಧನೂರಿನ ಶಾಲೆಯಲ್ಲಿ ಉಳಿದವರಿಗೆ ಇಂಗ್ಲಿಷ್ ಮಾತಾಡಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಆದರೆ ಪಾಠದಲ್ಲಿ ಯಾರಿಗೂ ತಿಳಿಯದ ಶಬ್ದ ಬಂದಾಗ ಟೀಚರ್ ನನ್ನ ಕಡೆ ನೋಡುತ್ತಿದ್ದರು. ನಾನು ಎದ್ದು, ಮೊದಲು ಪುಸ್ತಕದ ಅರ್ಥ, ಆಮೇಲೆ ಬಾಯಿಮಾತಿನ ಅರ್ಥ ಹೇಳುತ್ತಿದ್ದೆ. ಈಗ ಲಿಂಗಸುಗೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹುಡುಗರು ಮೊಬೈಲಿನಲ್ಲಿ ಅರ್ಥ ನೋಡಿ ಒಪ್ಪಿಸಿದರೆ ಡಸ್ಟರಿನಿಂದ ಮೇಜು ಕುಟ್ಟುತ್ತೇನೆ. ನಿಮ್ಮವ್ವನಿಗೆ ಹೇಳುವ ಹಾಗೆ ಹೇಳು ಎನ್ನುತ್ತೇನೆ. ಯಾರಿಂದ ಕಲಿತದ್ದೆಂದು ಅವರಿಗೆ ಹೇಳುವುದಿಲ್ಲ.

ಮುತ್ಯಾ ನಾನು ಡಿಗ್ರಿ ಓದುವಾಗ ಸತ್ತ. ನಾನು ಅಳಲಿಲ್ಲ. ಆದರೆ ಅವನ ಮೇಲಿನ ಸಿಟ್ಟು ಸಹ ಅವನೊಡನೆಯೇ ಅರ್ಧ ಹೋಯಿತು. ಅವನು ನನ್ನ ವೈರಿ ಎಂದು ನನಗೆ ಮೊದಲಿನಿಂದ ಗೊತ್ತಿತ್ತು, ವೈರಿ ಮಾಡುವುದನ್ನೇ ಮಾಡಿದ. ತೋಳಿನ ಮೇಲಿನ ಹಿಡಿತ ಮಾತ್ರ ನನಗೆ ಈಗಲೂ ನೆನಪಾಗುತ್ತದೆ. ಅದು ಮುತ್ಯಾನ ಕೈಯಲ್ಲ.

ಅವ್ವ ತಿಂಗಳಿಗೊಮ್ಮೆ ಮಸ್ಕಿಯಿಂದ ಬಸ್ಸಿಗೆ ಬಂದು ನನ್ನ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತಾಳೆ. ಈಗ ಅವಳ ರೊಟ್ಟಿಯ ಅಂಚು ಸೀಳುವುದಿಲ್ಲ. ಹೋದ ಸಲ ಬಂದಾಗ ಹಿಟ್ಟು ನಾದುತ್ತಾ, ಅದೆಲ್ಲಿಂದ ನೆನಪಾಯಿತೋ, ಕೇಳಿದಳು.

“ಆ ಹಾವಿನ ಕಥಿ ಹುಡುಗಿ, ಕಡೀಕ ಅವ್ವನ್ನ ಹೊರಗ ತಂದಳೇನಬೇ?”

“ನನಗೇನು ಗೊತ್ತು. ಅಷ್ಟರಾಗ ನೀ ಎಳಕೊಂಡು ಹೋದೆಲ್ಲ.”

ರೊಟ್ಟಿ ಬಡಿಯುವ ಸಪ್ಪಳ ಬಹಳ ಹೊತ್ತು ಕೇಳಿಸುತ್ತಿತ್ತು. ಆ ಪುಸ್ತಕದ ಇನ್ನೊಂದು ಪ್ರತಿಯನ್ನು ನಾನು ಕೆಲಸಕ್ಕೆ ಸೇರಿದ ವರ್ಷವೇ ಹುಡುಕಿ ಕೊಂಡು, ಹತ್ತೊಂಬತ್ತನೆಯ ಅಧ್ಯಾಯದಿಂದ ಹಿಡಿದು ಒಂದೇ ಹೊತ್ತಿಗೆ ಓದಿ ಮುಗಿಸಿದ್ದೇನೆ. ಆ ಹುಡುಗಿ ತನ್ನ ತಾಯಿಯನ್ನು ಹೊರಗೆ ತಂದಳು. ಅವ್ವನಿಗೆ ಇದನ್ನು ನಾನು ಹೇಳಿಲ್ಲ.